ಭರಣಿಯ ಅಳತೆಗೆ ತಕ್ಕ ಖಾತೆ: ಒಂದು ಉಪ್ಪಿನಕಾಯಿ ಮನೆಯ ಜಾಲತಾಣ ದುರಸ್ತಿ

ಅತ್ತಿಗೆಯ ಗೃಹೋದ್ಯಮ ಇರುವುದು ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗಿನ ಊರಿನಲ್ಲಿ. ಅಪ್ಪೆಮಿಡಿ (ಪರಿಮಳದ ಎಳೆ ಮಾವು) ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು (ಕೋಕಂ) ಶರಬತ್ತು, ಜೋನಿ ಬೆಲ್ಲ (ದ್ರವರೂಪದ ಬೆಲ್ಲ), ಇವು ಮುಖ್ಯ. ಕೆಲಸಕ್ಕೆ ಅತ್ತಿಗೆ, ಪಕ್ಕದ ಮನೆಗಳ ಇಬ್ಬರು ಹೆಂಗಸರು, ತೋಟದ ಕೆಲಸ ಮುಗಿದಿದ್ದರೆ ಅಣ್ಣ. ನಾನು ಶಿರಸಿಯಲ್ಲಿ ಉದ್ಯೋಗದಲ್ಲಿದ್ದೇನೆ, ಭಾನುವಾರ ಮನೆಗೆ ಹೋಗುತ್ತೇನೆ. 2024ರ ಡಿಸೆಂಬರ್‌ನಿಂದ ಒಂದು ವರ್ಷ ಅವರ ಸಾಮಾಜಿಕ ಜಾಲತಾಣದ ಕೆಲಸವನ್ನು ಬಿಚ್ಚಿ ಮತ್ತೆ ಜೋಡಿಸಿದ ದಿನಚರಿ ಇದು. ಇಂಥದೇ ಸಣ್ಣ ವ್ಯಾಪಾರ ಇಟ್ಟುಕೊಂಡವರಿಗೆ ಉಪಯೋಗವಾದೀತೆಂದು ತಪ್ಪುಗಳನ್ನೂ ಸೇರಿಸಿ ಬರೆದಿದ್ದೇನೆ.

ಡಿಸೆಂಬರ್ 8, ಭಾನುವಾರ

ಅತ್ತಿಗೆ ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಇದನ್ನು ಒಂದೋ ಸರಿಮಾಡು, ಇಲ್ಲವೇ ಮುಚ್ಚಿಬಿಡು. ರಾತ್ರಿ ಹನ್ನೊಂದಕ್ಕೂ ಇದರ ಮುಂದೆ ಕುಳಿತಿರುತ್ತೇನೆ" ಎಂದರು. ಅವರ ದನಿಯಲ್ಲಿ ನಿಜವಾದ ಸುಸ್ತಿತ್ತು.

ಮೊದಲು ಏನು ಕೆಟ್ಟಿದೆ ಎಂದು ನೋಡಿದೆ. ಇನ್‌ಸ್ಟಾಗ್ರಾಮ್‌ನಲ್ಲಿ ಎರಡು ಖಾತೆಗಳು. ಒಂದನ್ನು ಅಣ್ಣನ ಮಗ ಕಾಲೇಜಿನಲ್ಲಿದ್ದಾಗ ಮಾಡಿದ್ದು; ಅವನು ಬೆಂಗಳೂರಿಗೆ ಹೋದ ಮೇಲೆ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಇನ್ನೊಂದನ್ನು ಪ್ರಚಾರದ ಕೆಲಸ ಮಾಡಿಕೊಡುವ ಒಂದು ಸಂಸ್ಥೆ ಮೂರು ತಿಂಗಳ ಗುತ್ತಿಗೆಯಲ್ಲಿ ತೆರೆದದ್ದು. ಅದರಲ್ಲಿ ದಿನಕ್ಕೊಂದು ಪೋಸ್ಟ್: ಹಬ್ಬದ ಶುಭಾಶಯ, ಸುಭಾಷಿತ, ಎಲ್ಲಿಂದಲೋ ತಂದ ಮಾವಿನಕಾಯಿಯ ಚಿತ್ರ. ಅಪ್ಪೆಮಿಡಿಯ ಬದಲು ಹೋಳು ಉಪ್ಪಿನಕಾಯಿಗೆ ಹೆಚ್ಚುವ ದೊಡ್ಡ ಕಾಯಿಯ ಚಿತ್ರ ಹಾಕಿದ್ದರು. ನಮ್ಮ ಕಡೆಯವರು ಯಾರೇ ನೋಡಿದರೂ ಒಂದು ಕ್ಷಣದಲ್ಲಿ ಗುರುತಿಸುವ ತಪ್ಪು. ಫೇಸ್‌ಬುಕ್ ಪುಟದಲ್ಲಿ ಈಗ ಬಳಕೆಯಲ್ಲಿ ಇಲ್ಲದ ಫೋನ್ ಸಂಖ್ಯೆ. ಗೂಗಲ್ ನಕ್ಷೆಯಲ್ಲಿ ಮನೆಯ ಗುರುತು ಎರಡು ಕಿಲೋಮೀಟರ್ ಆಚೆಯ ಹಾಲಿನ ಡೇರಿಯ ಮೇಲೆ. ಉತ್ತರ ಕಾಣದ ಸಂದೇಶಗಳು ನಲವತ್ತಮೂರು.

ಆ ದಿನ ಏನನ್ನೂ ಮುಟ್ಟಲಿಲ್ಲ. ಅಂಚೆ ಕಚೇರಿಯ ರಸೀದಿಗಳ ಕಟ್ಟನ್ನು ತೆಗೆದುಕೊಂಡು ಊಟದ ಮೇಜಿನ ಮುಂದೆ ಕುಳಿತೆವು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಹೋದ ಪಾರ್ಸೆಲ್‌ಗಳು 96. ಒಂದೊಂದೇ ಹೆಸರು ಓದುತ್ತಾ ಹೋದೆ, ಈ ಗಿರಾಕಿ ಎಲ್ಲಿಂದ ಬಂದರು ಎಂದು ಅತ್ತಿಗೆ ನೆನಪಿಸಿಕೊಂಡು ಹೇಳಿದರು. ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಕೇಳಿದ ಹಳೆಯ ಗಿರಾಕಿಗಳು 58. ಅವರ ಬಾಯಿಮಾತಿನಿಂದ ಬಂದವರು 17. ಶಿರಸಿ ಅಂಗಡಿಯಲ್ಲಿ ಬಾಟಲಿ ನೋಡಿ ಫೋನ್ ಮಾಡಿದವರು 12. ಇನ್‌ಸ್ಟಾಗ್ರಾಮ್‌ನಿಂದ 9.

ಅತ್ತಿಗೆ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ರಾತ್ರಿಯ ನಿದ್ದೆ ಹೋಗುತ್ತಿದ್ದದ್ದು ಆ ಒಂಬತ್ತಕ್ಕೆ. ವಾಟ್ಸ್‌ಆ್ಯಪ್‌ನಲ್ಲಿ ಮಾತ್ರ ಸಂಬಂಧಿಕರ ಶುಭೋದಯಗಳ ನಡುವೆ ಆರ್ಡರ್‌ಗಳು ಕಳೆದುಹೋಗುತ್ತಿದ್ದವು. ಯಾವ ವ್ಯಾಪಾರದವರೇ ಆಗಲಿ, ಖಾತೆಗೆ ಕೈಹಾಕುವ ಮೊದಲು ಈ ಎಣಿಕೆಯನ್ನು ಮಾಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಮಗೆ ಹಿಡಿದದ್ದು ಒಂದೂವರೆ ಗಂಟೆ.

ಡಿಸೆಂಬರ್ 15

ಮೊದಲ ಕೆಲಸ ಬೀಗದ ಕೈ. ಉದ್ಯಮದ ಹೆಸರಿನಲ್ಲೇ ಹೊಸ ಇಮೇಲ್ ತೆರೆದೆವು. ನನ್ನದೂ ಅಲ್ಲ, ಅಣ್ಣನ ಮಗನದೂ ಅಲ್ಲ. ಹಳೆಯ ಖಾತೆಯನ್ನು ಅವನ ಫೋನಿನ ಮೂಲಕ ಮರಳಿ ಪಡೆದು ಆ ಇಮೇಲ್‌ಗೆ ಜೋಡಿಸಿದೆವು. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಸಂಕೇತವನ್ನೂ ಕೇಳುವ ಎರಡು ಹಂತದ ದೃಢೀಕರಣ ಹಾಕಿ, ಆಗ ಸಿಗುವ ತುರ್ತು ಸಂಕೇತಗಳನ್ನು ಕಾಗದದ ಮೇಲೆ ಬರೆದು, ತೋಟದ ಕಾಗದಪತ್ರಗಳಿರುವ ಕಪಾಟಿನಲ್ಲೇ ಇಟ್ಟೆವು. ವಾಟ್ಸ್‌ಆ್ಯಪ್‌ಗೂ ಆರು ಅಂಕಿಯ ಪಿನ್ ಹಾಕಿದೆವು.

ಸಂಸ್ಥೆ ತೆರೆದ ಖಾತೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದನ್ನು ಅವರು ತಮ್ಮದೇ ಇಮೇಲ್‌ನಲ್ಲಿ ತೆರೆದಿದ್ದರು. ಹಣ ಕೊಟ್ಟವರು ಅತ್ತಿಗೆ, ಹೆಸರು ಅತ್ತಿಗೆಯದು, ಒಡೆತನ ಮಾತ್ರ ಬೇರೆಯವರದು. ಹತ್ತೊಂಬತ್ತು ದಿನ ಫೋನ್ ಮಾಡಿದ ಮೇಲೆ ಅವರು ಅದನ್ನು ಅಳಿಸಿದರು. ಅಲ್ಲಿದ್ದ ಹಿಂಬಾಲಕರು ಹೋದರು. ಅದಕ್ಕಿಂತ ನನಗೆ ಬೇಸರವಾದದ್ದು ಅಲ್ಲಿ ಬಂದಿದ್ದ ಗಿರಾಕಿಗಳ ಪ್ರಶ್ನೆಗಳೂ ಅಳಿಸಿಹೋದವಲ್ಲ ಎಂದು. ಯಾರಿಗೇ ಕೆಲಸ ಒಪ್ಪಿಸಿ, ಖಾತೆಯನ್ನು ನೀವೇ ತೆರೆದು ಅವರಿಗೆ ಕೆಲಸದ ಅನುಮತಿಯನ್ನಷ್ಟೇ ಕೊಡಿ. ಫೇಸ್‌ಬುಕ್ ಪುಟದಲ್ಲಿ ಪೂರ್ಣ ನಿಯಂತ್ರಣ ಕೊಡದೆ ಪೋಸ್ಟ್ ಹಾಕಲು, ಸಂದೇಶಕ್ಕೆ ಉತ್ತರಿಸಲು ಮಾತ್ರ ಅನುಮತಿ ಕೊಡುವ ವ್ಯವಸ್ಥೆ ಇದೆ.

ಡಿಸೆಂಬರ್ 22

ವಾಟ್ಸ್‌ಆ್ಯಪ್ ಬಿಸಿನೆಸ್, ಅಂದರೆ ವ್ಯಾಪಾರಿಗಳಿಗೆಂದೇ ಇರುವ ವಾಟ್ಸ್‌ಆ್ಯಪ್. ವ್ಯಾಪಾರಕ್ಕೆ ಹೊಸ ಸಿಮ್ ಕೊಂಡು ಅದರಲ್ಲಿ ಹಾಕೋಣ ಎಂದು ನಾನು ಹೊರಟಿದ್ದೆ. ಅತ್ತಿಗೆ ತಡೆದರು. "ಬಾಟಲಿಗಳ ಮೇಲೆಲ್ಲ ಈ ನಂಬರ್ ಇದೆ. ಪುಣೆಯಲ್ಲಿ, ಮುಂಬೈಯಲ್ಲಿ ಜನರ ಅಡುಗೆಮನೆಯ ಕಟ್ಟೆಯ ಮೇಲೆ ಈ ನಂಬರ್ ಕುಳಿತಿದೆ. ಹೊಸ ನಂಬರನ್ನು ನೆಂಟರಿಗೆ ಕೊಡುತ್ತೇನೆ, ಅವರಿಗೆ ಮದುವೆ ಮನೆಯಲ್ಲಿ ಸಿಕ್ಕಾಗ ಹೇಳಿದರೂ ನಡೆಯುತ್ತದೆ."

ಇಡೀ ವರ್ಷದಲ್ಲಿ ತೆಗೆದುಕೊಂಡ ಅತ್ಯುತ್ತಮ ನಿರ್ಧಾರ ಅದು. ಹಳೆಯ ಸಂಖ್ಯೆಯನ್ನೇ, ಹಳೆಯ ಮಾತುಕತೆಗಳ ಸಮೇತ, ಬಿಸಿನೆಸ್ ಆ್ಯಪ್‌ಗೆ ಬದಲಿಸಿದೆವು. ನೆಂಟರ ಸಿಮ್ ಅದೇ ಫೋನಿನ ಎರಡನೇ ಜಾಗಕ್ಕೆ ಹೋಯಿತು. ಎರಡು ಆ್ಯಪ್‌ಗಳೂ ಬೇರೆ ಬೇರೆ ಸಂಖ್ಯೆಯಲ್ಲಿ ಒಂದೇ ಫೋನಿನಲ್ಲಿ ನಡೆಯುತ್ತವೆ.

ಸಿದ್ಧ ಉತ್ತರಗಳನ್ನು ಬರೆಯುವುದಕ್ಕೆ ಇಡೀ ಮಧ್ಯಾಹ್ನ ಬೇಕಾಯಿತು. ನಾನು ಬರೆದದ್ದನ್ನು ಅತ್ತಿಗೆ ಒಪ್ಪಲಿಲ್ಲ; "ಬ್ಯಾಂಕಿನ ನೋಟಿಸಿನ ಹಾಗಿದೆ" ಎಂದರು. ಕೊನೆಗೆ ಅವರು ಫೋನಿನಲ್ಲಿ ಗಿರಾಕಿಯೊಡನೆ ಮಾತಾಡುವಾಗ ಪಕ್ಕದಲ್ಲಿ ಕುಳಿತು ಹಾಗೆಯೇ ಬರೆದುಕೊಂಡೆ. ಅವುಗಳಲ್ಲಿ ಹೆಚ್ಚು ದುಡಿದದ್ದು ಇದು:

"ನಮಸ್ಕಾರ. ಈ ವರ್ಷದ ಮಿಡಿ ಮುಗಿದಿದೆ. ಹೊಸ ಮಿಡಿ ಉಪ್ಪಿನಲ್ಲಿ ಕೂತು ಹದವಾಗಲು ಸಮಯ ಬೇಕು. ನಿಮ್ಮ ಹೆಸರು ಬರೆದಿಡಲೇ? ಆದ ಕೂಡಲೇ ನಾನೇ ತಿಳಿಸುತ್ತೇನೆ."

ಹಿಂದೆ "ಇಲ್ಲ, ಖಾಲಿ" ಎಂದು ಮಾತು ಮುಗಿಯುತ್ತಿತ್ತು. ಈಗ ಅದೇ ಜಾಗದಲ್ಲಿ ಕಾಯುವವರ ಪಟ್ಟಿ ಬೆಳೆಯತೊಡಗಿತು. ಆ್ಯಪ್‌ನಲ್ಲಿ ಗಿರಾಕಿಗಳ ಮಾತುಕತೆಗೆ ಹಚ್ಚುವ ಲೇಬಲ್‌ಗಳನ್ನು ನಾಲ್ಕೇ ಮಾಡಿದೆವು: ಹೊಸ ಆರ್ಡರ್, ಹಣ ಬಂದಿದೆ, ಪಾರ್ಸೆಲ್ ಹೋಗಿದೆ, ಮಿಡಿಗೆ ಕಾದಿದ್ದಾರೆ. "ಹಣ ಬಂದಿದೆ" ಹಚ್ಚುವುದು ಬ್ಯಾಂಕಿನ ಖಾತೆಯಲ್ಲಿ ಹಣ ಕಂಡ ಮೇಲೆ ಮಾತ್ರ, ಗಿರಾಕಿ ಕಳಿಸಿದ ಪಾವತಿಯ ಚಿತ್ರ ನೋಡಿ ಅಲ್ಲ.

ಜನವರಿ 5

ಹಳೆಯ ಬರಹಗಳನ್ನು ಶುದ್ಧ ಮಾಡಿದ ದಿನ. ಫೇಸ್‌ಬುಕ್ ಪುಟದಲ್ಲಿ ಮುರುಗಲು ಶರಬತ್ತಿನ ಕೆಳಗೆ "ಮಧುಮೇಹಕ್ಕೆ ರಾಮಬಾಣ" ಎಂದಿತ್ತು. ತೆಗೆದೆ. ಆಹಾರ ಪದಾರ್ಥ ರೋಗ ವಾಸಿಮಾಡುತ್ತದೆ ಎಂದು ಜಾಹೀರಾತು ಮಾಡುವುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳು ತಡೆಯುತ್ತವೆ. ನಿಯಮದ ಮಾತು ಹಾಗಿರಲಿ, ಸಕ್ಕರೆ ಹಾಕಿದ ಶರಬತ್ತನ್ನು ಯಾರಾದರೂ ಆ ಮಾತು ನಂಬಿ ಕುಡಿದರೆ? ಅತ್ತಿಗೆಗೆ ಆ ಸಾಲು ಅಲ್ಲಿರುವುದೇ ಗೊತ್ತಿರಲಿಲ್ಲ. ಆ ಜಾಗದಲ್ಲಿ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನೋಂದಣಿ ಸಂಖ್ಯೆ, ತೂಕ, ಏನೇನು ಹಾಕಿದ್ದೇವೆ ಎಂಬ ಪಟ್ಟಿ ಬರೆದೆವು.

ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ್ದ ಲೇಬಲ್‌ನ ಕಡತದಿಂದ ಕನ್ನಡ ವಿವರವನ್ನು ನಕಲಿಸಿ ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್‌ಗೆ (ಸರಕುಗಳ ಪಟ್ಟಿಗೆ) ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂತು. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದದ್ದು, ಫೋನುಗಳು ಓದುವ ಯೂನಿಕೋಡ್ ಅಲ್ಲ, ಹಾಗಾಗಿ. ಪರಿವರ್ತಕದಲ್ಲಿ ಹಾಕಿ ತೆಗೆದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿದೆ. ಅಪ್ಪೆಮಿಡಿ ಎಂಬ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲೂ ಒಮ್ಮೆ ಬರೆದೆವು. ಕನ್ನಡ ಮಾತಾಡಿದರೂ ಓದಲು ಬಾರದ ಮಕ್ಕಳು ಮುಂಬೈ ಕಡೆಯ ಮನೆಗಳಲ್ಲಿದ್ದಾರೆ, ಹುಡುಕಿ ಕೊಡುವವರು ಅವರೇ.

ನಕ್ಷೆಯ ಗುರುತು ಸರಿಯಾಯಿತು. ಹಾಲಿನ ಡೇರಿಯವರು ಇನ್ನು ದಾರಿ ಹೇಳಬೇಕಾಗಿಲ್ಲ.

ಜನವರಿ 19

ವೇಳಾಪಟ್ಟಿ. ಇದೇ ಇಡೀ ದುರಸ್ತಿಯ ತಿರುಳು.

ಈ ತನಕ ಆ್ಯಪ್ ಕೇಳಿದಷ್ಟು ಅಡುಗೆಮನೆ ಕೊಡಬೇಕಿತ್ತು. ನಾವು ಅಡುಗೆಮನೆಯ ಪಂಚಾಂಗವನ್ನು ಮೊದಲು ಬರೆದೆವು. ಜನವರಿ, ಫೆಬ್ರುವರಿಯಲ್ಲಿ ಆಲೆಮನೆ, ಜೋನಿ ಬೆಲ್ಲ. ಆಗಲೇ ಮಿಡಿಯೂ ಶುರುವಾಗಿ ಮಾರ್ಚ್ ದಾಟುವತನಕ ಇರುತ್ತದೆ. ಏಪ್ರಿಲ್, ಮೇ ಹಲಸು ಮತ್ತು ಮುರುಗಲು. ಜೂನ್‌ನಿಂದ ಮಳೆ, ಹಪ್ಪಳ ಒಣಗುವುದಿಲ್ಲ, ಕರೆಂಟ್ ಇರುವುದಿಲ್ಲ, ಸಿಗ್ನಲ್‌ಗೆ ಗುಡ್ಡ ಹತ್ತಬೇಕು. ಮಾಡುವ ಕಾಲದಲ್ಲಿ ಕೈಗೆ ಬಿಡುವಿಲ್ಲ, ಬಿಡುವಿರುವ ಕಾಲದಲ್ಲಿ ತೋರಿಸಲು ಏನೂ ಇಲ್ಲ. ಹಾಗಾದರೆ ಉಪ್ಪಿನಕಾಯಿಗೆ ಮಾಡುವುದನ್ನೇ ಇದಕ್ಕೂ ಮಾಡಬೇಕು: ಋತುವಿನಲ್ಲಿ ತುಂಬಿಟ್ಟು ಮಳೆಗಾಲದಲ್ಲಿ ಬಡಿಸುವುದು.

ಒಪ್ಪಂದ ಹೀಗಾಯಿತು. ವಾರಕ್ಕೆ ಒಂದೇ ಪೋಸ್ಟ್, ಗುರುವಾರ. ದಿನಕ್ಕೆ ಹದಿನೈದು ನಿಮಿಷ, ಮಧ್ಯಾಹ್ನದ ಊಟದ ನಂತರ, ಸಂದೇಶಗಳಿಗೆ ಉತ್ತರ. ಭಾನುವಾರ ಅದೂ ಇಲ್ಲ. ಭಾನುವಾರ ನಾನು ಬಂದಾಗ ಮುಕ್ಕಾಲು ಗಂಟೆ ಇಬ್ಬರೂ ಕುಳಿತು ಮುಂದಿನ ಪೋಸ್ಟ್ ಸಿದ್ಧಮಾಡುವುದು. ವಾರಕ್ಕೆ ಒಟ್ಟು ಎರಡೂಕಾಲು ಗಂಟೆ. ಸಂಜೆ ಏಳರ ನಂತರ ಬರುವ ಸಂದೇಶಕ್ಕೆ ಆ್ಯಪ್ ತಾನೇ "ನಾಳೆ ಮಧ್ಯಾಹ್ನ ಉತ್ತರಿಸುತ್ತೇನೆ" ಎಂದು ಹೇಳುತ್ತದೆ. ತಡವಾದರೆ ಗಿರಾಕಿ ಬೇರೆಡೆ ಹೋಗುತ್ತಾರೆ ಎಂದು ಅತ್ತಿಗೆಗೆ ಭಯವಿತ್ತು. ಎರಡು ತಿಂಗಳು ನೋಡೋಣ ಎಂದೆ.

ಫೆಬ್ರುವರಿ 23

ಚಿತ್ರೀಕರಣ, ಮಿಡಿ ಕೊಯ್ಲಿನ ದಿನ. ಸಾಮಾನು: ನನ್ನ ಫೋನ್, ಒಂದು ಸಣ್ಣ ಸ್ಟ್ಯಾಂಡ್, ಹಿಂಬದಿಗೆ ಅಡಿಕೆ ಚಪ್ಪರದ ಬೆಳಕು. ಅಷ್ಟೇ.

ಅಪ್ಪೆಮಿಡಿ ಎಂದರೆ ಎಳೆಯ ಮಾವು ಎಂದಷ್ಟೇ ಹೊರಗಿನವರು ತಿಳಿದಿರುತ್ತಾರೆ. ಅಘನಾಶಿನಿ, ಶರಾವತಿ, ವರದಾ ನದಿಗಳ ದಂಡೆಯ ಮರಗಳ ಮಿಡಿಗೆ ಸೊನೆಯಲ್ಲೇ ಪರಿಮಳ. ಅದಕ್ಕೇ ತೊಟ್ಟು ಬಿಡಿಸದೆ ಕೊಯ್ಯಬೇಕು. ನೆಲಕ್ಕೆ ಬಿದ್ದದ್ದು ಪೆಟ್ಟಾಗಿ ಭರಣಿಯಲ್ಲಿ ಮೆತ್ತಗಾಗುತ್ತದೆ. ಮರ ಹತ್ತಿದವರು ಗೊಂಚಲನ್ನು ಚೀಲಕ್ಕೆ ಇಳಿಸುವುದು, ಅತ್ತಿಗೆ ಒಂದೊಂದನ್ನೂ ಮೂಗಿಗೆ ಹಿಡಿದು ಆರಿಸುವುದು, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಇಪ್ಪತ್ತು ಸೆಕೆಂಡ್‌ನ ತುಣುಕುಗಳಾಗಿ ಮೂವತ್ತೆರಡು ತೆಗೆದೆ. ಫೋನನ್ನು ಎಲ್ಲಕ್ಕೂ ನೆಟ್ಟಗೇ ಹಿಡಿದೆ, ರೀಲ್‌ಗೂ ಸ್ಟೇಟಸ್‌ಗೂ ಅದೇ ಅಳತೆ ನಡೆಯುತ್ತದೆ.

ಧ್ವನಿಯ ಬಗ್ಗೆ ಒಂದು ಮಾತು. ಹಳೆಯ ರೀಲ್‌ಗಳಲ್ಲಿ ಒಂದಕ್ಕೆ ಸಿನಿಮಾ ಹಾಡು ಹಾಕಿದ್ದರಿಂದ ಅದರ ಧ್ವನಿಯನ್ನೇ ಇನ್‌ಸ್ಟಾಗ್ರಾಮ್ ತೆಗೆದುಹಾಕಿತ್ತು. ವ್ಯಾಪಾರದ ಖಾತೆಗೆ ಸಿಗುವ ಹಾಡುಗಳು ಕಡಿಮೆ. ನಮಗೆ ಹಾಡು ಬೇಕಾಗಲೂ ಇಲ್ಲ. ಕಲ್ಲುಪ್ಪು ಭರಣಿಗೆ ಬೀಳುವ ಸದ್ದು, ಹಪ್ಪಳ ಎಣ್ಣೆಗೆ ಬಿದ್ದಾಗಿನ ಸದ್ದು, ಹಿಂದೆ ಕೊಟ್ಟಿಗೆಯಲ್ಲಿ ಕರು ಕೂಗುವುದು. ಊರು ಬಿಟ್ಟವರಿಗೆ ಇವು ಏನೆಂದು ನನಗೆ ಗೊತ್ತು.

ಮಾರ್ಚ್ 16

ಮಿಡಿ ಕೊಯ್ಯುವ ರೀಲ್ ನಾವು ಎಣಿಸದಷ್ಟು ಜನಕ್ಕೆ ತಲುಪಿತು. ಎರಡು ದಿನದಲ್ಲಿ ಇನ್ನೂರಕ್ಕೂ ಹೆಚ್ಚು ಸಂದೇಶಗಳು. ಶನಿವಾರ ರಾತ್ರಿ ಅತ್ತಿಗೆ ಫೋನ್ ಮಾಡಿದರು, ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು. ಹಿಂದಿನ ವರ್ಷದ ಹದವಾದ ಮಿಡಿ ಮನೆಯಲ್ಲಿದ್ದದ್ದು ಇಪ್ಪತ್ತೆರಡು ಕಿಲೋ.

ಅಣ್ಣ ಬೇರೆ ಕಡೆಯಿಂದ ಮಿಡಿ ಕೊಂಡು ಮಾಡೋಣ ಎಂದ. ಅವನ ಲೆಕ್ಕ ತಪ್ಪಲ್ಲ. ಅಡಿಕೆ ಬೆಲೆಯನ್ನು ನಂಬಿ ಬದುಕುವವನಿಗೆ ಬಂದ ಗಿರಾಕಿ ದೊಡ್ಡದು. ಆದರೆ ಅತ್ತಿಗೆ ಒಪ್ಪಲಿಲ್ಲ. "ಯಾವ ಮರದ್ದು ಎಂದು ಗೊತ್ತಿಲ್ಲದ ಮಿಡಿಯನ್ನು ನನ್ನ ಹೆಸರಿನ ಬಾಟಲಿಗೆ ಹಾಕುವುದಿಲ್ಲ. ಮರ ಪ್ರತಿ ವರ್ಷ ಒಂದೇ ಸಮ ಬಿಡುವುದೂ ಇಲ್ಲ. ಈ ವರ್ಷ ಬಂದವರಿಗೆಲ್ಲ ಕೊಟ್ಟರೆ ಬರುವ ವರ್ಷ ಏನು ಹೇಳಲಿ?"

ಭಾನುವಾರ ಬೆಳಿಗ್ಗೆ ಆ ರೀಲ್‌ನ ಕೆಳಗೆ ಮೊದಲ ಕಾಮೆಂಟಾಗಿ ಬರೆದೆವು: ಹದವಾದದ್ದು ಇಷ್ಟೇ ಕಿಲೋ ಇದೆ, ಮೊದಲು ಕೇಳಿದವರಿಗೆ ಅರ್ಧ ಕಿಲೋದಂತೆ, ಉಳಿದವರ ಹೆಸರು ಹೊಸ ಮಿಡಿಗೆ. ಬುಧವಾರಕ್ಕೆ ಸರಕು ಮುಗಿಯಿತು. ಕಾಯುವ ಪಟ್ಟಿಗೆ 118 ಹೆಸರು ಸೇರಿತು. ಬೈದವರು ಮೂವರು.

ಅಂದಿನಿಂದ ಒಂದು ಹೊಸ ಪದ್ಧತಿ: ಪೋಸ್ಟ್ ಹಾಕುವ ಮೊದಲು ಉಗ್ರಾಣದ ಬಾಗಿಲಿನ ಹಿಂದೆ ತೂಗುಹಾಕಿದ ಹಲಗೆಯ ಮೇಲಿನ ದಾಸ್ತಾನು ನೋಡುವುದು. ಯಾವ ವಸ್ತು ಐದು ಕಿಲೋಗಿಂತ ಕಡಿಮೆ ಇದೆಯೋ ಅದರ ಬಗ್ಗೆ ಆ ವಾರ ಪೋಸ್ಟ್ ಇಲ್ಲ.

ಏಪ್ರಿಲ್ 13

ಪುಣೆಗೆ ಹೋದ ಪಾರ್ಸೆಲ್ ಸೋರಿ, ಗಿರಾಕಿ ಎಣ್ಣೆ ತುಂಬಿದ ರಟ್ಟಿನ ಪೆಟ್ಟಿಗೆಯ ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಿದರು. ಅಳಿಸಬಹುದೇ ಎಂದು ಅತ್ತಿಗೆ ಕೇಳಿದರು. ನಾವೇ ಅಲ್ಲೇ ಉತ್ತರ ಬರೆದೆವು: ತಪ್ಪು ನಮ್ಮದು, ಮುಚ್ಚಳದ ಒಳಗೆ ಸೀಲ್ ಸರಿಯಾಗಿ ಕೂತಿರಲಿಲ್ಲ, ಇನ್ನೊಂದು ಬಾಟಲಿ ನಾಳೆ ಹೊರಡುತ್ತದೆ. ಆಮೇಲೆ ಪ್ರತಿ ಬಾಟಲಿಯನ್ನು ತಲೆಕೆಳಗಾಗಿ ಒಂದು ರಾತ್ರಿ ಕಾಗದದ ಮೇಲೆ ಇಟ್ಟು, ಕಲೆ ಕಾಣದಿದ್ದರೆ ಮಾತ್ರ ಕಟ್ಟುವುದು ಶುರುವಾಯಿತು. ಆ ತಲೆಕೆಳಗಾದ ಬಾಟಲಿಗಳ ಸಾಲಿನ ಚಿತ್ರವೇ ಮುಂದಿನ ಗುರುವಾರದ ಪೋಸ್ಟ್.

ಮೇ 25

ಮಳೆಗಾಲಕ್ಕೆ ತುಂಬಿಸುವ ದಿನ. ಇನ್‌ಸ್ಟಾಗ್ರಾಮ್‌ನ ವೃತ್ತಿಪರ ಖಾತೆಯಲ್ಲಿ ಎಪ್ಪತ್ತೈದು ದಿನ ಮುಂಚಿತವಾಗಿ ಪೋಸ್ಟ್ ನಿಗದಿಪಡಿಸಿಡಬಹುದು. ಇವತ್ತಿನಿಂದ ಎಣಿಸಿದರೆ ಆಗಸ್ಟ್ 8. ನಡುವೆ ಬರುವ ಗುರುವಾರಗಳಿಗೆಲ್ಲ ಹಾಕಿ ಮುಗಿಸಿದೆವು: ಹಲಸಿನ ತೊಳೆ ಬೇಯಿಸಿ ಅರೆಯುವುದು, ಚಾಪೆಯ ಮೇಲೆ ಹಪ್ಪಳ, ಕಾಗೆ ಓಡಿಸುತ್ತಾ ಕೋಲು ಹಿಡಿದು ಕುಳಿತ ಪಕ್ಕದ ಮನೆಯ ಅಜ್ಜಿಯ ಕೈ (ಮುಖ ತೋರಿಸುವುದು ಬೇಡ ಎಂದರು, ಕೈ ಮಾತ್ರ ತೆಗೆದೆ), ಮುರುಗಲಿನ ಸಿಪ್ಪೆ ಒಣಗುವುದು. ಒಮ್ಮೆ ನಿಗದಿಯಾದರೆ ಸಮಯಕ್ಕೆ ತಾನೇ ಹೋಗುತ್ತದೆ, ಊರಿನಲ್ಲಿ ಸಿಗ್ನಲ್ ಇರಲಿ ಬಿಡಲಿ.

ಜುಲೈ 13

ಆ ಕೆಲಸದಲ್ಲಿ ನಾನು ಮಾಡಿದ ತಪ್ಪು ಈಗ ಹೊರಬಂತು. ಮುರುಗಲಿನ ಪೋಸ್ಟ್‌ನಲ್ಲಿ ಬೆಲೆ ಬರೆದು "ಈಗ ಲಭ್ಯ" ಎಂದು ಸೇರಿಸಿದ್ದೆ. ಅದು ಹೋಗುವ ಹೊತ್ತಿಗೆ ಶರಬತ್ತು ಮುಗಿದು ಎಂಟು ದಿನವಾಗಿತ್ತು. ಹದಿನೇಳು ಜನ ಕೇಳಿದರು. ಮಳೆಯಲ್ಲಿ ಗುಡ್ಡ ಹತ್ತಿ ಹದಿನೇಳು ಜನಕ್ಕೂ ಅತ್ತಿಗೆ ಕ್ಷಮೆ ಕೇಳಬೇಕಾಯಿತು.

ಅಂದೇ ಶಿರಸಿಯಿಂದ ಉಳಿದೆಲ್ಲ ಪೋಸ್ಟ್‌ಗಳನ್ನು ತೆರೆದು ಬೆಲೆ, ದಾಸ್ತಾನು ಎರಡನ್ನೂ ಅಳಿಸಿದೆ. ಹೇಗೆ ಮಾಡುತ್ತೇವೆ ಎಂಬುದು ಹಳತಾಗುವುದಿಲ್ಲ, ಅದು ಪೋಸ್ಟ್‌ಗೆ. ಇವತ್ತು ಏನಿದೆ, ಎಷ್ಟಕ್ಕಿದೆ ಎಂಬುದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ತಾನೇ ಮಾಯವಾಗುತ್ತದೆ, ಸುಳ್ಳಾಗಿ ಉಳಿಯುವುದಿಲ್ಲ.

ಆಗಸ್ಟ್ 10

ಪುಸ್ತಕ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೆ ಗಂಟೆಗಟ್ಟಲೆ ನಿಂತದ್ದು ನನಗೆ ನೆನಪಿದೆ. ಒಂದೇ ಕಂಪನಿಯ ಮೂರು ಬಾಗಿಲುಗಳು. ಅದು ಮುಚ್ಚಿದರೆ ನಮ್ಮ ಗಿರಾಕಿಗಳು ಯಾರೆಂದು ನಮಗೇ ತಿಳಿಯದ ಸ್ಥಿತಿ. ಹಾಗಾಗಿ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಹೆಸರು, ಊರು, ಪಿನ್‌ಕೋಡ್, ಫೋನ್, ಏನು ಇಷ್ಟ ಎಂದು ಕೈಯಲ್ಲೇ ಬರೆಯತೊಡಗಿದೆವು. ಖಾರ ಕಡಿಮೆ ಬೇಕೆನ್ನುವವರು ಯಾರು, ಪ್ರತಿ ವರ್ಷ ಮಗಳ ಮನೆಗೂ ಒಂದು ಬಾಟಲಿ ಕಳಿಸುವವರು ಯಾರು, ಎಲ್ಲ ಅತ್ತಿಗೆಯ ತಲೆಯಲ್ಲಿತ್ತು. ಈಗ ಕಾಗದದಲ್ಲೂ ಇದೆ. ಇವತ್ತಿಗೆ 341 ಹೆಸರು.

ವಾಟ್ಸ್‌ಆ್ಯಪ್‌ನ ಸಾಮೂಹಿಕ ಸಂದೇಶದ ಒಂದು ಪಟ್ಟಿಗೆ 256 ಜನರ ಮಿತಿ; ಅವರ ಫೋನಿನಲ್ಲಿ ನಮ್ಮ ಸಂಖ್ಯೆ ಉಳಿಸಿಕೊಂಡಿದ್ದರೆ ಮಾತ್ರ ತಲುಪುತ್ತದೆ. ಪ್ರತಿ ಪಾರ್ಸೆಲ್‌ನಲ್ಲಿ ಹಾಕುವ ಚೀಟಿಯಲ್ಲಿ ಆ ಮಾತು ಬರೆದಿದ್ದೇವೆ. ವರ್ಷಕ್ಕೆ ನಾಲ್ಕೇ ಬಾರಿ ಕಳಿಸುವುದು: ಬೆಲ್ಲ, ಮಿಡಿ, ಹಪ್ಪಳ, ಶರಬತ್ತು. ಹಬ್ಬದ ಶುಭಾಶಯಕ್ಕೆ ಈ ಪಟ್ಟಿಯನ್ನು ಮುಟ್ಟುವುದಿಲ್ಲ.

ಸೆಪ್ಟೆಂಬರ್ 14

"ನಿಮ್ಮ ಪುಟ ಕೃತಿಸ್ವಾಮ್ಯ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಅಳಿಸಲಾಗುವುದು, ಇಲ್ಲಿ ಒತ್ತಿ" ಎಂಬ ಸಂದೇಶ. ಅತ್ತಿಗೆ ಒತ್ತಲಿಲ್ಲ, ನನಗೆ ಕಳಿಸಿದರು. ಖಾತೆಯ ಒಳಗಿನ ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ಯಾವ ಎಚ್ಚರಿಕೆಯೂ ಇರಲಿಲ್ಲ. ಮೋಸದ ಸಂದೇಶ. ಕಳಿಸಿದವರನ್ನು ಬ್ಲಾಕ್ ಮಾಡಿದೆವು.

ನವೆಂಬರ್ 30

ವರ್ಷದ ಎಣಿಕೆ. ಅದೇ ಮೇಜು, ಅದೇ ರಸೀದಿಗಳ ಕಟ್ಟು, ಅದೇ ಮೂರು ತಿಂಗಳು. ಪಾರ್ಸೆಲ್‌ಗಳು 151. ಹಳೆಯ ಗಿರಾಕಿಗಳು 88, ಅವರಿಂದ ಬಂದವರು 31, ಅಂಗಡಿಯಿಂದ 13, ಇನ್‌ಸ್ಟಾಗ್ರಾಮ್‌ನಿಂದ 19. ಸಂಜೆ ಏಳರ ನಂತರ ಉತ್ತರ ಕೊಡದಿದ್ದಕ್ಕೆ ಆರ್ಡರ್ ಬಿಟ್ಟುಹೋದವರು, ಅತ್ತಿಗೆಗೆ ಗೊತ್ತಿರುವಂತೆ, ಇಬ್ಬರು.

ಆಗಬೇಕಾದದ್ದು ಇನ್ನೂ ಇದೆ. ಭಾನುವಾರದ ಮುಕ್ಕಾಲು ಗಂಟೆ ಈಗಲೂ ನನ್ನ ಮೇಲೆ ನಿಂತಿದೆ. ನನಗೆ ವರ್ಗಾವಣೆಯಾದರೆ ನಿಲ್ಲುತ್ತದೆ. ಕೆಲಸಕ್ಕೆ ಬರುವ ಇಬ್ಬರಲ್ಲಿ ಕಿರಿಯವರು ಕಳೆದ ತಿಂಗಳಿಂದ ಪೋಸ್ಟ್ ನಿಗದಿಪಡಿಸುವುದನ್ನು ಕಲಿಯುತ್ತಿದ್ದಾರೆ, ಆ ಹೊತ್ತಿಗೂ ಅವರಿಗೆ ಕೂಲಿ ಲೆಕ್ಕ ಹಚ್ಚಬೇಕು ಎಂದು ಅತ್ತಿಗೆ ಪುಸ್ತಕದಲ್ಲಿ ಬರೆದಿದ್ದಾರೆ. ಇನ್ನು ಮುಂದೆ ಮಿಡಿಯ ಪಟ್ಟಿಯನ್ನು ಯಾವಾಗ ಮುಚ್ಚುವುದು ಎಂಬುದನ್ನೂ ತೀರ್ಮಾನಿಸಿದೆವು: ಹೂವು ನೋಡಿದ ಮೇಲೆ.

ಹೊರಡುವಾಗ ಅತ್ತಿಗೆ ಹೊಳೆಯ ಕಡೆಗೆ ಕರೆದುಕೊಂಡು ಹೋಗಿ ಮರ ತೋರಿಸಿದರು. ದಕ್ಷಿಣದ ಕೊಂಬೆಯಲ್ಲಿ ಎರಡು ಕಡೆ ಚಿಗುರು ಇತ್ತು, ಹೂವಿನ ಸುಳಿವು ಇನ್ನೂ ಇರಲಿಲ್ಲ. ನಾನು ಫೋನ್ ತೆಗೆದೆ. "ಈಗಲೇ ಬೇಡ, ನಿಲ್ಲು" ಎಂದರು. ಮತ್ತೆ ಜೇಬಿಗೆ ಹಾಕಿಕೊಂಡೆ.